‘ಜಾಣೆ’ ಎಂಬ ಮಾತಿನ ಭಾರ



ತಾಯಿಯ ನೆನಪಿಗೆ ಮಗಳೊಬ್ಬಳು ಇಟ್ಟಿರುವ ದತ್ತಿಯ ಉಪನ್ಯಾಸ ಇದು. ಮನೆಯ ಮಾತು ಮಗುವಿನ ಮನಸ್ಸನ್ನು ಹೇಗೆ ಬೆಳೆಸುತ್ತದೆ ಎಂಬುದನ್ನು ಇಲ್ಲಿ ಮಾತಾಡಲು ಕರೆದದ್ದಕ್ಕೆ ನಾನು ಋಣಿ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದ ನನಗೆ ಈ ವಿಷಯ ಎಂದರೆ ಮೊದಲು ನೆನಪಾಗುವುದು ಒಬ್ಬ ಹುಡುಗಿ.

ಐದನೇ ತರಗತಿಯವಳು. ಲೆಕ್ಕದಲ್ಲಿ ಯಾವಾಗಲೂ ಮುಂದು. ಮನೆಯಲ್ಲಿ ಅವಳು ‘ಜಾಣಮರಿ’, ನನ್ನ ಬಾಯಲ್ಲಿ ‘ಜಾಣೆ’. ಭಿನ್ನರಾಶಿಯ ಪಾಠ ಬಂತು ನೋಡಿ, ಗಣಿತದ ಅವಧಿಗೆ ಸರಿಯಾಗಿ ಅವಳಿಗೆ ಹೊಟ್ಟೆನೋವು ಬರತೊಡಗಿತು. ನಾಲ್ಕು ದಿನ ನೋಡಿ, ಪಕ್ಕಕ್ಕೆ ಕರೆದು ಕೇಳಿದೆ. ಬಹಳ ಹೊತ್ತು ಲಂಗದ ಅಂಚು ಹಿಂಡುತ್ತ ನಿಂತಿದ್ದಳು. ಆಮೇಲೆ, “ಟೀಚರ್, ನಂಗೆ ಬರಲ್ಲ ಅಂತ ಗೊತ್ತಾದ್ರೆ ಅಪ್ಪ ಆಮೇಲೂ ಜಾಣಮರಿ ಅಂತಾರಾ?” ಎಂದಳು.

ನಾವು ಪ್ರೀತಿಯಿಂದ ಕೊಟ್ಟ ಹೆಸರನ್ನು ಆ ಮಗು ಕಳೆದುಹೋಗಬಾರದ ಒಡವೆಯ ಹಾಗೆ ಕಾಯುತ್ತಿತ್ತು.

ಈ ಕಾವಲನ್ನು ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞೆಯರು, ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್, ಪರೀಕ್ಷಿಸಿ ನೋಡಿದರು. 1998ರಲ್ಲಿ ಪ್ರಕಟವಾದ ಅವರ ಪ್ರಯೋಗಗಳ ಮಕ್ಕಳೂ ಐದನೇ ತರಗತಿಯವರೇ. ಒಂದಷ್ಟು ಒಗಟಿನ ಚಿತ್ರಗಳನ್ನು ಬಿಡಿಸಲು ಕೊಟ್ಟು, ಕೆಲವರಿಗೆ “ನೀನು ಬುದ್ಧಿವಂತ ಇರಬೇಕು” ಎಂದರು, ಕೆಲವರಿಗೆ “ತುಂಬ ಶ್ರಮಪಟ್ಟಿರಬೇಕು” ಎಂದರು. ಮುಂದೆ ಯಾವ ಬಗೆಯ ಒಗಟು ಬೇಕು ಎಂದು ಕೇಳಿದಾಗ ಮೊದಲ ಗುಂಪಿನ ಹೆಚ್ಚಿನವರು ತಮ್ಮನ್ನು ಬುದ್ಧಿವಂತರೆಂದು ತೋರಿಸಿಕೊಡುವಂಥದ್ದನ್ನು ಆರಿಸಿದರು. ಎರಡನೆಯವರಲ್ಲಿ ಬಹುಪಾಲು, ತಪ್ಪಾದರೂ ಹೊಸದೇನನ್ನೋ ಕಲಿಸುವಂಥದ್ದನ್ನು. ನಡುವೆ ಕಠಿಣವಾದವನ್ನು ಕೊಟ್ಟು ಸೋಲಿಸಿ, ಮತ್ತೆ ಮೊದಲಿನಷ್ಟೇ ಸುಲಭದ್ದನ್ನು ಕೊಟ್ಟರೆ ‘ಬುದ್ಧಿವಂತರು’ ಮೊದಲು ಮಾಡಿದ್ದಕ್ಕಿಂತ ಕಡಿಮೆ ಮಾಡಿದರು. ನನ್ನ ನಿದ್ದೆಗೆಡಿಸಿದ್ದು ಇನ್ನೊಂದು ಸಂಗತಿ. ಬೇರೆ ಶಾಲೆಯ ಅಪರಿಚಿತ ಮಗುವಿಗೆ ತಮ್ಮ ಅಂಕ ಬರೆದು ತಿಳಿಸಿ ಎಂದಾಗ, ಬುದ್ಧಿ ಹೊಗಳಿಸಿಕೊಂಡ ಹತ್ತು ಮಕ್ಕಳಲ್ಲಿ ಹೆಚ್ಚುಕಡಿಮೆ ನಾಲ್ವರು ಸುಳ್ಳು ಅಂಕ ಬರೆದರು. ಆ ಮಕ್ಕಳು ಸುಳ್ಳುಗಾರರಲ್ಲ. ಹೆದರಿದವರು.

ನಮ್ಮ ಅಜ್ಜಿಯರು ಮಗುವನ್ನು ಎದುರಿಗೆ ಹೊಗಳುತ್ತಿರಲಿಲ್ಲ. ದೃಷ್ಟಿ ತಾಕೀತು ಎನ್ನುತ್ತಿದ್ದರು. ಯಾರಾದರೂ ಹೊಗಳಿದರೆ ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಿದ್ದರು. ಹಾಗೆಂದು ಅವರ ಬಾಯಲ್ಲಿ ಅಕ್ಕರೆಗೆ ಬರವಿತ್ತೇ? ಎರಡು ವರ್ಷದ ಕೂಸನ್ನು ‘ನನ್ನಪ್ಪ’, ‘ನಮ್ಮವ್ವ’ ಎಂದು ಕರೆಯುವ ಭಾಷೆ ನಮ್ಮದು. ಆ ಕರೆಗೆ ಅಂಕ ಬೇಕಿರಲಿಲ್ಲ, ಬಹುಮಾನ ಬೇಕಿರಲಿಲ್ಲ. ಗೆದ್ದರೂ ನನ್ನಪ್ಪ, ಬಿದ್ದರೂ ನನ್ನಪ್ಪ. ಅದೇ ಅಜ್ಜಿಯರು ‘ದಡ್ಡ’, ‘ಪಕ್ಕದ ಮನೆಯವನನ್ನು ನೋಡಿ ಕಲಿ’ ಎಂದೂ ಅಂದರು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಈಗಿನ ನಾವು ಅವರ ಬೈಗುಳದ ಜೊತೆಗೆ ಆ ಕರೆಯನ್ನೂ ಬಿಟ್ಟು, ಆ ಜಾಗಕ್ಕೆ ‘ಸೂಪರ್’ ತಂದುಕೊಂಡಿದ್ದೇವೆ.

ಅಳುಕಿನ ಮಗುವಿಗೆ ದೊಡ್ಡ ಹೊಗಳಿಕೆ ಕೊಟ್ಟರೆ ಧೈರ್ಯ ಬರುತ್ತದೆ ಎಂದು ನಾನೂ ನಂಬಿದ್ದೆ. 2014ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಅಧ್ಯಯನವೊಂದು ಆ ನಂಬಿಕೆಯನ್ನು ಅಲುಗಿಸಿತು. ಎಡ್ಡಿ ಬ್ರುಮೆಲ್‌ಮನ್ ಮತ್ತು ಸಂಗಡಿಗರು ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗೆ ವಾನ್ ಗೋ ಬರೆದ ಕಾಡುಗುಲಾಬಿಯ ಚಿತ್ರವನ್ನು ನೋಡಿ ಬಿಡಿಸಲು ಹೇಳಿದರು. ಕೆಲವರಿಗೆ ‘ಚಂದದ ಚಿತ್ರ’ ಎಂಬ ಚೀಟಿ, ಕೆಲವರಿಗೆ ‘ನಂಬಲಾಗದಷ್ಟು ಚಂದದ ಚಿತ್ರ’ ಎಂಬ ಚೀಟಿ. ತಮ್ಮ ಬಗ್ಗೆ ತಮಗೇ ಭರವಸೆ ಕಡಿಮೆಯಿದ್ದ ಮಕ್ಕಳು ಆ ದೊಡ್ಡ ಹೊಗಳಿಕೆಯ ಬಳಿಕ ಕಷ್ಟದ ಚಿತ್ರಗಳ ಬದಲು ಸುಲಭದವನ್ನೇ ಹೆಚ್ಚಾಗಿ ಆರಿಸಿಕೊಂಡರು.

ಹಾಗಾದರೆ ಏನು ಹೇಳೋಣ? ಕಂಡದ್ದನ್ನು ಹೇಳೋಣ. “ಮೂರು ಸಲ ಅಳಿಸಿ ಬರೆದೆಯಲ್ಲ, ಕೊನೆಗೆ ಈ ಬಾಲ ಸರಿಯಾಯ್ತು.” ಇಷ್ಟು ಹೇಳಬೇಕಾದರೆ ಪಕ್ಕದಲ್ಲಿ ಕೂತು ನೋಡಿರಬೇಕು, ಕಷ್ಟ ಇರುವುದು ಅಲ್ಲಿ.

ಅಳುವಿನ ಬಗ್ಗೆಯೂ ಒಂದು ಮಾತು. ಮಗು ಬಿದ್ದರೆ ನಾವು ನೆಲಕ್ಕೆ ಹೊಡೆಯುತ್ತೇವೆ, ‘ಇರುವೆ ಸತ್ತೋಯ್ತು ನೋಡು’ ಎನ್ನುತ್ತೇವೆ. ಅಳು ನಿಲ್ಲುತ್ತದೆ, ಮಗುವಿನ ನೋವು ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಸ್ವಲ್ಪ ದೊಡ್ಡವರಾದರೆ ಎಲ್ಲಕ್ಕೂ ಒಂದೇ ಪದ, ಬೇಜಾರು. ಗೆಳತಿ ಮಾತು ಬಿಟ್ಟರೂ ಬೇಜಾರು, ಮಳೆ ಬಂದು ಆಟ ನಿಂತರೂ ಬೇಜಾರು. ಕನ್ನಡದಲ್ಲಿ ಮುನಿಸು ಇದೆ, ಅಳುಕು ಇದೆ, ಕಸಿವಿಸಿ, ದಿಗಿಲು, ತಳಮಳ, ಹೊಟ್ಟೆಕಿಚ್ಚು ಇವೆ. “ತಂಗಿಗೆ ಹೊಸ ಬಟ್ಟೆ ತಂದಿದ್ದಕ್ಕೆ ಹೊಟ್ಟೆಕಿಚ್ಚಾಯ್ತಾ ಮಗಾ? ಆಗುತ್ತೆ” ಎಂದು ಅಮ್ಮನೇ ಹೇಳಿದರೆ ಮಗುವಿಗೆ ತನ್ನೊಳಗಿನದು ಅಪರಾಧ ಎನಿಸುವುದಿಲ್ಲ. ಹೆಸರು ಗೊತ್ತಾದದ್ದನ್ನು ಅದು ಬಂದು ಹೇಳೀತು. ಹೆಸರಿಲ್ಲದ್ದು ಹೊಟ್ಟೆನೋವಾಗಿ ಬರುತ್ತದೆ.

ಆ ಹುಡುಗಿಯ ತಂದೆ ಗಾರೆ ಕೆಲಸದವರು. ಕರೆಸಿ, ನಡೆದದ್ದನ್ನು ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ. ಅವರು ಏನೂ ಮಾತಾಡದೆ ಎದ್ದು ಹೋದರು, ಬೇಸರವಾಯಿತೇನೋ ಅಂದುಕೊಂಡೆ. ಮರುದಿನ ಗಣಿತದ ಅವಧಿಯಲ್ಲಿ ಹುಡುಗಿ ಕೂತೇ ಇದ್ದಳು. ತಪ್ಪಾದ ಭಿನ್ನರಾಶಿಯ ಲೆಕ್ಕವನ್ನು ಮುಚ್ಚಿಕೊಳ್ಳದೆ ನನ್ನ ಮುಂದೆ ಹಿಡಿದು, “ಟೀಚರ್, ನಮ್ಮಪ್ಪ ಕಟ್ಟಿದ ಗೋಡೆ ಮೊನ್ನೆ ತೂಗುಗುಂಡಿಗೆ ಸರಿಬರಲಿಲ್ಲವಂತೆ. ಒಡೆದು ಮತ್ತೆ ಕಟ್ಟಿದ್ರಂತೆ. ಇದನ್ನ ಎಲ್ಲಿಂದ ಒಡೀಬೇಕು ಹೇಳಿ” ಎಂದಳು.