ಎರಡು ವರ್ಷದ ವೀಸಾ, ಬಹುವಾರ್ಷಿಕ ಗಿಡ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿರೋರಿಗೆ ಇವತ್ತು ಒಂದು ಹೂವಿನ ಲೆಕ್ಕ. ಹೂವಿನ ಹೆಸರು ಡೆಲ್ಫಿನಿಯಂ. ಇಂಗ್ಲೆಂಡಿನ ತೋಟದ ಫೋಟೋಗಳಲ್ಲಿ ಹಿಂದಿನ ಸಾಲಲ್ಲಿ ಆಳೆತ್ತರಕ್ಕೆ ನೀಲಿ ಹೂವಿನ ತೆನೆ ನಿಂತಿರುತ್ತಲ್ಲ, ಅದೇ. ಮೊಗ್ಗು ಡಾಲ್ಫಿನ್ ತರ ಕಾಣುತ್ತೆ, ಹೆಸರೂ ಅಲ್ಲಿಂದಲೇ ಬಂದದ್ದು.

ನನ್ನಕ್ಕ ಯಾರ್ಕ್‌ಷೈರ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ. ವೀಸಾ ಇನ್ನು ಎರಡೇ ವರ್ಷ. "ಬಿಟ್ಟು ಹೋಗೋ ನೆಲದಲ್ಲಿ ವರ್ಷವರ್ಷ ಬರೋ ಗಿಡ ನೆಟ್ರೆ ನಷ್ಟ ತಾನೇ? ನೀನು ಬಿ.ಕಾಂ., ಹೇಳು" ಅಂದಳು.

ಖರ್ಚು ಗಿಡದ ಬೆಲೆಯಲ್ಲಿಲ್ಲ, ದುಡಿಮೆಯಲ್ಲಿದೆ. ಚಳಿ ಮುಗಿದು ಚಿಗುರು ನೆಲ ಬಿಟ್ಟು ಏಳುತ್ತಿದ್ದಂತೆ ಗೊಂಡೆಹುಳ ಬರುತ್ತೆ. ರಾತ್ರಿ ಟಾರ್ಚ್ ಹಿಡಿದು ಹುಡುಕಿ ತೆಗೀಬೇಕು, ಇಲ್ಲಾಂದ್ರೆ ಬೆಳಗ್ಗೆಗೆ ಬುಡವೇ ಬೋಳು. ಚಿಗುರು ಏಳೆಂಟು ಸೆಂಟಿಮೀಟರ್ ಆದಾಗ ಎಳೇ ಗಿಡದಲ್ಲಿ 2–3, ಹಳೇ ಗಿಡದಲ್ಲಿ 5–7 ಉಳಿಸಿ ಮಿಕ್ಕಿದ್ದು ತೆಗೀಬೇಕು. ಕೀಳೋಕೆ ಸಂಕಟ ಆಗುತ್ತೆ. ಆದ್ರೆ ಎಲ್ಲಾ ಬಿಟ್ರೆ ತೆನೆ ಸಣ್ಣದಾಗುತ್ತೆ, ಗಾಳಿ ಆಡದೆ ಬೂದಿರೋಗವೂ ಬರುತ್ತೆ. ಮೊಣಕಾಲೆತ್ತರ ಬರೋ ಮೊದಲೇ ಊರುಗೋಲು ನೆಡಿ. ಕಾಂಡದೊಳಗೆ ಟೊಳ್ಳು, ಮಳೆ ನೆನೆದ ತೆನೆ ಭಾರ. ಜೂನ್‌ನ ಒಂದು ಜೋರು ಗಾಳಿಗೆ ಮುರಿದರೆ ಆ ತೆನೆ ಹೋಯ್ತು ಅಂತಲೇ ಲೆಕ್ಕ. ಹೂ ಬಾಡಿದ ತೆನೆ ಕತ್ತರಿಸಿ, ಗೊಬ್ಬರ, ನೀರು ಕೊಟ್ರೆ ಬೇಸಿಗೆ ಕೊನೆಗೆ ಇನ್ನೊಂದು ಸಣ್ಣ ಕಂತು ಸಿಗಬಹುದು.

ಈಗ ಆದಾಯ. ಕೀಳೋ ಚಿಗುರನ್ನ ಎಸೀಬೇಡ ಅಂದೆ. ಬುಡದ ಗಟ್ಟಿ ಭಾಗ ಸೇರಿಸಿ ಕತ್ತರಿಸಿದರೆ ಅದೇ ಹೊಸ ಗಿಡ. ಟೊಳ್ಳು ಕಂಡ್ರೆ ಮಾತ್ರ ಬಿಡಿ, ಕೊಳೆಯುತ್ತೆ. ಕುಂಡದಲ್ಲಿ ಬೇರು ಬಿಟ್ಟಿದ್ದನ್ನ ಅಕ್ಕಪಕ್ಕದವರಿಗೆ ಕೊಡಬಹುದು, ಮನೆ ಬದಲಾದ್ರೆ ಜತೆಗೊಯ್ಯಬಹುದು. ಹಾಗಾಗಿ ನನ್ನ ಉತ್ತರ: ನೆಡು. ಎರಡು ಬೇಸಿಗೆಯ ಹೂವೂ ಸಿಗುತ್ತೆ, ಗಿಡವೂ ಯಾರದೋ ತೋಟದಲ್ಲಿ ಉಳಿಯುತ್ತೆ.

ಒಂದೇ ಷರತ್ತು ಹಾಕಿದೆ. ಅವಳ ಮಗುವಿಗೆ ಎರಡು ವರ್ಷ, ಸಿಕ್ಕಿದ್ದೆಲ್ಲ ಬಾಯಿಗೆ. ಡೆಲ್ಫಿನಿಯಂ ಅಡಿಯಿಂದ ಮುಡಿವರೆಗೂ ವಿಷ. ಬೀಜ ಮತ್ತು ಎಳೇ ಚಿಗುರು ಇನ್ನೂ ಜಾಸ್ತಿ. ಅಮೆರಿಕದ ಪಶ್ಚಿಮದ ಹುಲ್ಲುಗಾವಲುಗಳಲ್ಲಿ ಇದರ ಕಾಡು ಜಾತಿ ಮೇಯ್ದು ದನಗಳು ಸಾಯ್ತವೆ. ಹಾಗಾಗಿ ಬೇಲಿಯಾಚೆ ನೆಡಬೇಕು, ಗ್ಲೌಸ್ ಹಾಕ್ಕೊಂಡೇ ಮುಟ್ಟಬೇಕು.

"ಬೆಂಗಳೂರಿಗೆ ಬಂದಾಗ?" ಅಂತಲೂ ಕೇಳಿದಳು. ಅಲ್ಲಿ ಚಳಿಗಾಲದಲ್ಲಿ ಮಲಗಿ ಏಳೋ ಗಿಡ ಇದು, ನಮ್ಮಲ್ಲಿ ಅಷ್ಟು ಚಳಿ ಎಲ್ಲಿ? ಪೊಟ್ಟಣದ ಮೇಲೆ ಬಹುವಾರ್ಷಿಕ ಅಂತಿದ್ರೂ ಇಲ್ಲಿ ಒಂದೇ ಸೀಸನ್ ಅಂದ್ಕೊಳ್ಳಿ. ಅದರ ಬದಲು ವಾರ್ಷಿಕ ಲಾರ್ಕ್‌ಸ್ಪರ್ ಬೀಜ ತಗೊಳ್ಳಿ. ಅಕ್ಟೋಬರ್–ನವೆಂಬರ್‌ನಲ್ಲಿ ನೇರ ಕುಂಡಕ್ಕೇ ಬಿತ್ತಿ, ಸಸಿ ಕಿತ್ತು ನೆಟ್ರೆ ಅದಕ್ಕೆ ಒಗ್ಗಲ್ಲ. ಅದೂ ವಿಷವೇ, ಮಗುವಿನ ಕೈಗೆ ಸಿಗದ ಕಡೆ ಇಡಿ.