ಆಫೀಸಿನ ಕ್ರಿಸ್ಮಸ್ ಪಾರ್ಟಿ: ಆ ನಾಲ್ಕು ಗಂಟೆ ಕಳೆಯೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

 

ಡಿಸೆಂಬರ್ ಬಂತು. ಬ್ರಿಗೇಡ್ ರೋಡಲ್ಲಿ ಲೈಟು, ಬೇಕರಿಗಳಲ್ಲಿ ಪ್ಲಮ್ ಕೇಕು. ನಿಮ್ಮಲ್ಲಿ ಕೆಲವರ ಇನ್‌ಬಾಕ್ಸಿಗೆ ಒಂದು ಮೇಲ್ ಕೂಡ ಬಂದಿರುತ್ತೆ. ಕೆಂಪು ಅಕ್ಷರ, ಮೂಲೆಯಲ್ಲಿ ಹಿಮ ಬೀಳೋ ಚಿತ್ರ. ಬೆಂಗಳೂರಲ್ಲಿ ಹಿಮ! ಕೆಳಗೆ, ‘ಡ್ರೆಸ್ ಕೋಡ್ ಕೆಂಪು ಮತ್ತು ಬಿಳಿ, ಎಲ್ಲರೂ ತಪ್ಪದೆ ಬನ್ನಿ.’ ಆ ಮೇಲ್ ನೋಡಿ ಹೊಟ್ಟೆ ತೊಳೆಸಿದ ಹಾಗೆ ಆಯ್ತಾ? ಈ ಸಂಚಿಕೆ ನಿಮಗೆ. ಖುಷಿ ಆದವರೂ ಕೇಳಿ, ಇದು ನಿಮ್ಮ ಪಕ್ಕದ ಸೀಟಲ್ಲಿ ಕೂತಿರೋರ ಕಥೆ.

ನನ್ನ ಮೊದಲ ಆಫೀಸ್ ಪಾರ್ಟಿ 2018ರದ್ದು. ತಿಪಟೂರಲ್ಲಿ ಬಿ.ಕಾಂ. ಮುಗಿಸಿ ಬೆಂಗಳೂರಿಗೆ ಬಂದು ಐದು ತಿಂಗಳಾಗಿತ್ತು. ಔಟರ್ ರಿಂಗ್ ರೋಡಿನ ಒಂದು ಕಂಪನಿ, ಅಮೆರಿಕದ ಕ್ಲೈಂಟ್, ಅಕೌಂಟ್ಸ್ ಪೇಯಬಲ್ ಕೆಲಸ. ಅಂದ್ರೆ ಅವರಿಗೆ ಬರೋ ಬಿಲ್‌ಗಳನ್ನ ನಾವಿಲ್ಲಿ ಕೂತು ಪಾಸ್ ಮಾಡಬೇಕು. ಪರ್ಚೇಸ್ ಆರ್ಡರ್, ಸರಕು ಬಂದ ರಸೀದಿ, ಇನ್‌ವಾಯ್ಸ್, ಈ ಮೂರೂ ತಾಳೆಯಾದರೆ ದುಡ್ಡು ಹೋಗುತ್ತೆ. ಆಗ್ಲಿಲ್ಲ ಅಂದ್ರೆ ಬಿಲ್ ಅಲ್ಲೇ ನಿಲ್ಲುತ್ತೆ. ಆರು ತಿಂಗಳ ಪ್ರೊಬೇಷನ್. ಜನವರಿಯಲ್ಲಿ ಕನ್ಫರ್ಮೇಷನ್ ಆಗಬೇಕು.

ಪಾರ್ಟಿ ವಿಷಯ ಫೋನಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ಊರಲ್ಲಿ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೀತಾರೆ. ‘ನಮ್ಮ ಆಯುಧಪೂಜೆ ಇದ್ದಂಗೆ ಬಿಡು, ಹೋಗ್ ಬಾ’ ಅಂದ್ರು. ನಾನು ಹೂಂ ಅಂದೆ. ಆದರೆ ಫೋನ್ ಇಟ್ಟ ಮೇಲೆ ಅನ್ನಿಸ್ತು, ಎಲ್ಲಿಯ ಆಯುಧಪೂಜೆ! ಅಲ್ಲಿ ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತು. ತಕ್ಕಡಿಗೆ ಅರಿಶಿನ ಕುಂಕುಮ, ಬಾಗಿಲಲ್ಲಿ ಬೂದುಗುಂಬಳ, ಕೈಗೊಂದು ಪೊಟ್ಟಣ ಕಡ್ಲೆಪುರಿ. ಸಾಹುಕಾರ್ರು, ಹಮಾಲಿಗಳು ಎಲ್ಲರೂ ನಿಂತಿರ್ತಾರೆ, ಅರ್ಧ ಗಂಟೇಲಿ ಮುಗಿಯುತ್ತೆ. ಯಾರೂ ಯಾರನ್ನೂ ಡ್ಯಾನ್ಸ್ ಮಾಡು ಅನ್ನಲ್ಲ.

ನನಗೆ ಭಯ ಇದ್ದಿದ್ದು ಒಂದಕ್ಕಲ್ಲ. ಮೊದಲು ದುಡ್ಡು. ಕೈಗೆ ಬರ್ತಿದ್ದಿದ್ದು 16 ಸಾವಿರ, ಪಿಜಿಗೇ 7 ಸಾವಿರ ಹೋಗ್ತಿತ್ತು. ಆ ಒಂದು ಸಂಜೆಗೆ 799 ರೂಪಾಯಿಯ ಕೆಂಪು ಟಾಪ್, ಸೀಕ್ರೆಟ್ ಸಾಂಟಾಗೆ 300. ಎರಡನೇದು ಇಂಗ್ಲಿಷು. ಮೇಲ್ ಬರೆಯೋ ಇಂಗ್ಲಿಷ್ ಬರುತ್ತೆ, ಜೂಸ್ ಗ್ಲಾಸ್ ಹಿಡ್ಕೊಂಡು ನಗ್ತಾ ಮಾತಾಡೋ ಇಂಗ್ಲಿಷ್ ಬೇರೇನೇ. ಮೂರನೇದು ಪಿಜಿ ಗೇಟು, ಹತ್ತೂವರೆಗೆ ಬೀಗ. ಹೋಗದೇ ಇರೋಣ ಅಂದ್ರೆ ಟೀಮ್ ಲೀಡ್ ಮೊದಲೇ ಹೇಳಿಬಿಟ್ಟಿದ್ರು: ‘ಪ್ರೊಬೇಷನಲ್ಲಿ ಇರೋರು ಬರ್ಲೇಬೇಕಮ್ಮ. ನಾಲ್ಕು ಜನರ ಕಣ್ಣಿಗೆ ಬೀಳ್ಬೇಕು.’

ಡಿಸೆಂಬರ್ 21, ಶುಕ್ರವಾರ. ವೈಟ್‌ಫೀಲ್ಡ್ ಕಡೆ ಒಂದು ಹೋಟೆಲಿನ ಹಾಲ್. ಒಳಗೆ ಹೋದ ತಕ್ಷಣ ತಲೆಗೊಂದು ಸಾಂಟಾ ಟೋಪಿ. ಡಿಜೆ ಶಬ್ದಕ್ಕೆ ಎದೆ ಅದುರುತ್ತಿತ್ತು. ನಾನು ಕಿತ್ತಳೆ ಜೂಸ್ ತಗೊಂಡು ಗೋಡೆ ಪಕ್ಕ ನಿಂತೆ. ‘ಎಂಜಾಯಿಂಗ್?’ ಅಂತ ಕೇಳ್ತಾ ಹೋದವರಿಗೆಲ್ಲ ‘ಯೆಸ್, ಯೆಸ್’ ಅಂದೆ. ಒಂದು ಗಂಟೆ ಅದೇ ಎರಡು ಯೆಸ್ಸು. ನಮ್ಮ ಕೆಲಸದ ಭಾಷೆಯಲ್ಲಿ ಹೇಳಬೇಕಂದ್ರೆ ನನ್ನ ಬಟ್ಟೆ, ಮಾತು, ಮುಖ, ಮೂರೂ ತಾಳೆ ಆಗ್ತಿರಲಿಲ್ಲ. ಯಾರಾದ್ರೂ ಸರಿಯಾಗಿ ಚೆಕ್ ಮಾಡಿದ್ರೆ ರಿಜೆಕ್ಟೇ. (ನಗು)

ಊಟಕ್ಕೆ ಮುಂಚೆ ಬೇರೆ ಟೀಮಿನ ಒಬ್ಬ ಸೀನಿಯರ್ ಬಂದರು. ಹೆಸರು ಬೇಡ. ‘ವೈ ಸೋ ಶೈ?’ ಅಂತ ಮಣಿಕಟ್ಟು ಹಿಡಿದು ಡ್ಯಾನ್ಸ್ ಫ್ಲೋರಿಗೆ ಎಳ್ಕೊಂಡು ಹೋದರು. ಬೇಡ ಅಂದೆ. ಶಬ್ದದಲ್ಲಿ ಕೇಳಿಸ್ತೋ ಇಲ್ವೋ. ಸುತ್ತ ಇದ್ದವರು ಚಪ್ಪಾಳೆ ಹೊಡೆದರು. ನಾನೂ ನಗ್ತಾ ಇದ್ದೆ, ಅದು ಅಳು ತಡೆಯೋ ನಗು. ಎರಡು ನಿಮಿಷ ಇರಬಹುದು. ಕೈ ಬಿಡಿಸ್ಕೊಂಡು ಹೊರಗೆ ಬರೋಷ್ಟರಲ್ಲಿ ವಿಡಿಯೋ ವಾಟ್ಸಾಪ್ ಗ್ರೂಪಲ್ಲಿತ್ತು.

ಹೊರಗೆ ವರಾಂಡದಲ್ಲಿ ನಮ್ಮ ಟೀಮಿನ ಅಕ್ಕ ಒಬ್ಬರು ಫೋನಲ್ಲಿ ಮಾತಾಡ್ತಿದ್ರು. ನೈಟ್ ಶಿಫ್ಟಿನವರು, ಏಳು ವರ್ಷದ ಸರ್ವೀಸ್. ‘ಇಲ್ಲಮ್ಮ, ಈ ಸಲ ಬರಕ್ಕಾಗಲ್ಲ’ ಅಂತಿದ್ರು. ಫೋನ್ ಇಟ್ಟು ನನ್ನ ಮುಖ ನೋಡಿ ಏನೂ ಕೇಳದೆ ನೀರಿನ ಬಾಟಲಿ ಕೊಟ್ಟರು. ಅವರು ಕನಕಪುರ ಕಡೆ ಹಳ್ಳಿಯವರು, ಕನ್ನಡ ಕಥೋಲಿಕರು. ಆ ಇಡೀ ಹಾಲಿನಲ್ಲಿ ಕ್ರಿಸ್ಮಸ್ ನಿಜವಾಗಿ ಹಬ್ಬ ಆಗಿದ್ದ ಕೆಲವೇ ಜನರಲ್ಲಿ ಅವರೊಬ್ಬರು. ಮನೆಯಲ್ಲಿ ಗೋದಲಿ ಕಟ್ಟಿ ಆಗಿದೆ, ಕಜ್ಜಾಯಕ್ಕೆ ಅಕ್ಕಿ ನೆನೆಹಾಕಬೇಕು, 24ರ ನಡುರಾತ್ರಿ ಬಲಿಪೂಜೆಗೆ ಊರಿಗೆ ಊರೇ ಸೇರುತ್ತೆ ಅಂದ್ರು.

‘ಮತ್ತೆ ಹೋಗಲ್ವಾ ಅಕ್ಕ?’

‘ಇಪ್ಪತ್ನಾಕು ರಾತ್ರಿ ನಂದೇ ಶಿಫ್ಟು ಕಣೆ. ಕ್ಲೋಸಿಂಗ್ ಅಂತೆ, ರಜ ಕೊಡ್ಲಿಲ್ಲ.’

ಕಾಮರ್ಸ್ ಓದದವರಿಗೆ ಒಂದು ಮಾತು. ನಮ್ಮಲ್ಲಿ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತೆ. ಅಮೆರಿಕದ ಬಹಳಷ್ಟು ಕಂಪನಿಗಳಿಗೆ ಡಿಸೆಂಬರ್ 31. ಹಾಗಾಗಿ ಅಲ್ಲಿಯವರು ರಜ ತಗೊಳ್ಳೋ ವಾರದಲ್ಲೇ ಇಲ್ಲಿಯವರಿಗೆ ಕೆಲಸ ಜಾಸ್ತಿ. ಒಳಗಡೆ ಅದೇ ರಜ ಕೊಡದ ಮ್ಯಾನೇಜರ್ ಸಾಂಟಾ ಟೋಪಿ ಹಾಕ್ಕೊಂಡು ಕೇಕ್ ಕಟ್ ಮಾಡ್ತಿದ್ರು.

ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದ ‘ಎ ಕ್ರಿಸ್ಮಸ್ ಕ್ಯಾರಲ್’ ನಾನು ಓದಿದ್ದು ಆಮೇಲೆ. ಅದರಲ್ಲಿ ಫೆಜಿವಿಗ್ ಅನ್ನೋ ಸಾಹುಕಾರ ಅಂಗಡಿ ಮುಚ್ಚಿಸಿ, ಕೆಲಸದವರಿಗೆಲ್ಲ ಪಿಟೀಲು, ಕುಣಿತ, ಊಟ ಅಂತ ಪಾರ್ಟಿ ಕೊಡ್ತಾನೆ. ಅದೇ ಪುಸ್ತಕದಲ್ಲಿ ಕ್ರ್ಯಾಚಿಟ್ ಅನ್ನೋ ಗುಮಾಸ್ತ ಕ್ರಿಸ್ಮಸ್ ದಿನ ಒಂದೇ ಒಂದು ರಜಕ್ಕೆ ಸ್ಕ್ರೂಜ್ ಹತ್ರ ಹಲ್ಲು ಗಿಂಜಬೇಕು. ನಮ್ಮ ಆಫೀಸಲ್ಲಿ ಆ ಇಬ್ಬರು ಯಜಮಾನರೂ ಒಂದೇ ಟೋಪಿಯೊಳಗಿದ್ರು.

ಸೋಮವಾರ ಬೆಳಗ್ಗೆ ನಾನು ಟೀಮ್ ಲೀಡ್ ಹತ್ರ ಹೋಗಿ, ಅಕ್ಕನ ಶಿಫ್ಟ್ ನಾನು ಮಾಡ್ತೀನಿ, ನನ್ನ ಜನರಲ್ ಶಿಫ್ಟನ್ನ ಅವರು 26ಕ್ಕೆ ಮಾಡಲಿ ಅಂದೆ. ದೊಡ್ಡ ತ್ಯಾಗ ಏನಲ್ಲ. ನನಗೆ ಆ ರಾತ್ರಿ ಹಬ್ಬ ಇರಲಿಲ್ಲ. ನಿಜ ಹೇಳ್ತೀನಿ, ಆ ವಿಡಿಯೋ ನೋಡಿದವರ ಮಧ್ಯೆ ಹಗಲು ಹೊತ್ತು ಕೂರೋದಕ್ಕಿಂತ ಖಾಲಿ ಆಫೀಸೇ ವಾಸಿ ಅನ್ನಿಸಿತ್ತು. ಅವರು ಸ್ವಲ್ಪ ಗೊಣಗಿ ಒಪ್ಪಿದ್ರು. ಪಿಜಿ ಆಂಟಿಗೆ ಕಂಪನಿ ಲೆಟರ್ ತೋರಿಸಿದೆ. ಸಂಜೆ ಆರೂವರೆಯಿಂದ ಬೆಳಗಿನ ಜಾವ ಮೂರೂವರೆ. ಕ್ಲೈಂಟ್ ಕಡೆಯವರು ಅವರ ಮಧ್ಯಾಹ್ನಕ್ಕೇ ‘ಮೆರಿ ಕ್ರಿಸ್ಮಸ್’ ಅಂತ ಹೊರಟುಹೋದ್ರು. ಆಮೇಲೆ ಬಂದಿದ್ದು ಒಟ್ಟು ಹನ್ನೊಂದು ಇನ್‌ವಾಯ್ಸು. ಹನ್ನೊಂದು! ಇದಕ್ಕಾಗಿ ಒಬ್ಬರ ಹಬ್ಬ ತಪ್ಪಿಸ್ತಿದ್ರು. ಒಂದು ಗಂಟೆ ರಾತ್ರಿಗೆ ಅಕ್ಕ ಗೋದಲಿ ಫೋಟೋ ಕಳಿಸಿದ್ರು, ಬತ್ತದ ಹುಲ್ಲಿನ ಮಾಡು, ಸೀರಿಯಲ್ ಲೈಟು. 26ಕ್ಕೆ ಸ್ಟೀಲ್ ಡಬ್ಬಿ ತುಂಬ ಕಜ್ಜಾಯ, ಚಕ್ಕುಲಿ, ರೋಸ್ ಕುಕೀಸ್ ತಂದ್ರು. ನಮ್ಮ ಸಾಲಿನವರೆಲ್ಲ ಡಬ್ಬಿ ಸುತ್ತ ನಿಂತು ತಿಂದ್ವಿ. ಹದಿನೈದು ನಿಮಿಷ. ಅಪ್ಪ ಹೇಳಿದ ಆಯುಧಪೂಜೆ ಅಂದ್ರೆ ಇದೇ ಅನ್ನಿಸ್ತು.

ಜನವರಿಯಲ್ಲಿ ಕನ್ಫರ್ಮ್ ಆದೆ. ಆ ಹಾಳೆಯಲ್ಲಿ ಇದ್ದಿದ್ದು ದಿನಕ್ಕೆಷ್ಟು ಬಿಲ್, ಎಷ್ಟು ತಪ್ಪು, ಎಷ್ಟು ರಜ. ಪಾರ್ಟಿ ಅನ್ನೋ ಕಾಲಂ ಇರಲೇ ಇಲ್ಲ. ಎಲ್ಲ ಕಡೆ ಹೀಗೇ ಅಂತ ಹೇಳಲ್ಲ, ಕಣ್ಣಿಗೆ ಬಿದ್ದವರಿಗೆ ಒಳ್ಳೆ ಪ್ರಾಜೆಕ್ಟ್ ಸಿಗೋದೂ ಇದೆ. ಆದರೆ ನಾನು ಅಂದ್ಕೊಂಡಷ್ಟು ಆ ಸಂಜೆಯ ಮೇಲೆ ನಿಂತಿರಲಿಲ್ಲ.

ಒಂದು ವಿಷಯ ಮಾತ್ರ ಈಗಲೂ ಕೊರೆಯುತ್ತೆ. ಮಣಿಕಟ್ಟು ಹಿಡಿದಿದ್ದರ ಬಗ್ಗೆ ನಾನು ಯಾರಿಗೂ ಹೇಳಲಿಲ್ಲ. ‘ಪಾರ್ಟಿ ತಾನೇ, ಆಫೀಸಲ್ಲ’ ಅಂದ್ಕೊಂಡೆ. ತಪ್ಪು ತಿಳಿವಳಿಕೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆಯಲ್ಲಿ, ಕೆಲಸದ ಸಂಬಂಧವಾಗಿ ಹೋಗೋ ಜಾಗವೂ ಕೆಲಸದ ಸ್ಥಳವೇ. ಕಂಪನಿ ಕೊಡೋ ಕ್ಯಾಬ್ ಕೂಡ. ಹತ್ತು ಅಥವಾ ಹೆಚ್ಚು ಜನ ಇರೋ ಕಡೆ ಆಂತರಿಕ ಸಮಿತಿ ಇರಲೇಬೇಕು. ಘಟನೆ ಆದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬಹುದು, ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಇದು ನನಗೆ ಆವತ್ತು ಗೊತ್ತಿದ್ರೆ ದೂರು ಕೊಡ್ತಿದ್ನಾ? ಗೊತ್ತಿಲ್ಲ. ಆದರೆ ನನ್ನದೇ ತಪ್ಪು ಅಂತ ಒಂದು ತಿಂಗಳು ಒದ್ದಾಡ್ತಿರಲಿಲ್ಲ.

ಈಗ ಈ ವಾರ ಪಾರ್ಟಿ ಇರೋರಿಗೆ, ನಾನು ಆಮೇಲಿನ ವರ್ಷಗಳಲ್ಲಿ ಕಲಿತಿದ್ದು. ಬೇಗ ಹೋಗಿ, ಬೇಗ ಬನ್ನಿ. ಮೊದಲ ಅರ್ಧ ಗಂಟೆ ಹಾಲ್ ಖಾಲಿ ಇರುತ್ತೆ, ಡಿಜೆ ಶುರುವಾಗಿರಲ್ಲ, ಮ್ಯಾನೇಜರ್ ಮುಖ ನೋಡಿ ಎರಡು ಮಾತಾಡೋದು ಸುಲಭ. ವಾಪಸ್ ಹೋಗೋ ಕ್ಯಾಬ್ ಎಷ್ಟಕ್ಕೆ, ಯಾರ ಜೊತೆ ಅನ್ನೋದನ್ನ ಮೊದಲೇ ಗೊತ್ತು ಮಾಡ್ಕೊಳ್ಳಿ. ಕೈಗೆ ಕೆಲಸ ಇಟ್ಕೊಳ್ಳಿ. ಗಿಫ್ಟ್ ಜೋಡಿಸೋದು, ಫೋಟೋ ತೆಗೆಯೋದು, ಏನಾದ್ರೂ. ಕುಡಿಯಲ್ಲ ಅಂದ್ರೆ ‘ಕುಡಿಯಲ್ಲ’ ಅಷ್ಟೇ, ಮಾತ್ರೆ ತಗೋತಿದ್ದೀನಿ ಅಂತೆಲ್ಲ ಕಥೆ ಕಟ್ಟಬೇಡಿ. ಮುಂದಿನ ಸಲ ಆ ಕಥೆ ನೆನಪಿರಲ್ಲ! (ನಗು) ಗೋಡೆ ಪಕ್ಕ ಜೂಸ್ ಹಿಡ್ಕೊಂಡು ನಿಂತ ಇನ್ನೊಬ್ಬರು ಇದ್ದೇ ಇರ್ತಾರೆ, ಅವರ ಹತ್ರ ಹೋಗಿ ‘ಊಟ ಎಲ್ಲಿಟ್ಟಿದ್ದಾರೆ?’ ಅಂತ ಕನ್ನಡದಲ್ಲೇ ಕೇಳಿ.

ಇನ್ನು ಟೀಮ್ ನಡೆಸೋರು ಕೇಳ್ತಿದ್ರೆ ಒಂದೇ ವಿನಂತಿ. ಟೋಪಿ ಹಂಚೋಕೆ ಮುಂಚೆ 24ರ ರೋಸ್ಟರ್ ಒಮ್ಮೆ ತೆಗೆದು ನೋಡಿ. ಅಲ್ಲಿ ಯಾರ ಹೆಸರಿದೆ ಅಂತ.

ನಿಮ್ಮ ಪಾರ್ಟಿ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಹೆಸರು ಹೇಳಲ್ಲ. ಕ್ರಿಸ್ಮಸ್ ಮಾಡೋರಿಗೆಲ್ಲ ಹಬ್ಬದ ಶುಭಾಶಯ. ಕಜ್ಜಾಯ ಉಳಿದ್ರೆ ನೆನಪಿಸ್ಕೊಳ್ಳಿ. ಮುಂದಿನ ವಾರ ಸಿಗೋಣ.