ಒಂದು ಹನಿ, ನೂರು ಬಲ್ಬು, ಎಷ್ಟು ಯೂನಿಟ್?

ಮಳೆಗಾಲ ಬಂತು ಅಂದ್ರೆ ಸಾಕು, ವಾಟ್ಸಾಪ್‌ನಲ್ಲಿ ಒಂದು ಸುದ್ದಿ ಮತ್ತೆ ಓಡಾಡೋಕೆ ಶುರುವಾಗುತ್ತೆ. ಒಂದೇ ಒಂದು ನೀರಿನ ಹನಿ ಬಿದ್ದರೆ ನೂರು ಬಲ್ಬು ಹತ್ತುತ್ತೆ, ಇನ್ನು ಕರೆಂಟ್ ಬಿಲ್ ಕಟ್ಟೋ ಹಾಗೇ ಇಲ್ಲ ಅಂತ. ಸೋಲಾರ್ ಹಾಕಿಸೋದು ಬಿಟ್ಟು ಇದಕ್ಕೇ ಕಾಯೋಣವಾ ಸಾರ್ ಅಂತ ಕೇಳೋರೂ ಇದ್ದಾರೆ. ಹಾಗಾಗಿ ಇವತ್ತು ರಾಜಕೀಯಕ್ಕೆ ರಜೆ. ಸ್ವಲ್ಪ ಲೆಕ್ಕ ಮಾಡೋಣ.

ಮೊದಲೇ ಹೇಳಿಬಿಡ್ತೀನಿ, ಬಲ್ಬು ಹತ್ತಿದ್ದು ಸುಳ್ಳಲ್ಲ. ಹಾಂಗ್‌ಕಾಂಗ್‌ನ ಸಿಟಿ ವಿಶ್ವವಿದ್ಯಾಲಯದಲ್ಲಿ ವಾಂಗ್ ಝುವಾನ್‌ಕಾಯ್ ಅವರ ತಂಡ ಮಾಡಿದ ಪ್ರಯೋಗ ಅದು. 2020ರ ಫೆಬ್ರವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಬರೀ 0.1 ಮಿಲಿಲೀಟರ್‌ನ ಹನಿ, 15 ಸೆಂಟಿಮೀಟರ್ ಎತ್ತರ. ಅಷ್ಟಕ್ಕೇ 140 ವೋಲ್ಟ್ ದಾಟಿತು, ನೂರು ಪುಟಾಣಿ ಎಲ್ಇಡಿಗಳು ಮಿಂಚಿದವು.

ಹೇಗೆ? ನಿಮ್ಮ ಮನೆಯ ನಾನ್‌ಸ್ಟಿಕ್ ತವಾ ಮೇಲೆ ಟೆಫ್ಲಾನ್ ಲೇಪನ ಇರುತ್ತಲ್ಲ, ಅದೇ ವಸ್ತುವಿನ ತೆಳು ಪದರ. ಅದರಡಿ ಕರೆಂಟ್ ಹರಿಯಬಲ್ಲ ಪಾರದರ್ಶಕ ಲೇಪನ, ಮೊಬೈಲ್ ಟಚ್‌ಸ್ಕ್ರೀನ್‌ನಲ್ಲಿ ಬಳಸುವಂಥದ್ದು. ಮೇಲೆ ಒಂದು ಸಣ್ಣ ಅಲ್ಯೂಮಿನಿಯಂ ಪಟ್ಟಿ. ಹನಿಗಳು ಬೀಳ್ತಾ ಬೀಳ್ತಾ ಟೆಫ್ಲಾನ್ ಮೇಲೆ ಋಣ ವಿದ್ಯುದಂಶ ಶೇಖರವಾಗುತ್ತೆ. ಅದು ಅಲ್ಲೇ ಕೂತಿರುತ್ತೆ, ಸುಲಭಕ್ಕೆ ಹೋಗಲ್ಲ. ಮುಂದಿನ ಹನಿ ಬಿದ್ದು ದೋಸೆ ಹಿಟ್ಟಿನ ಹಾಗೆ ಹರಡಿಕೊಂಡಾಗ ಆ ಪಟ್ಟಿಗೆ ತಾಗುತ್ತೆ. ನೀರೇ ಸ್ವಿಚ್ ಆಯ್ತು! ಸರ್ಕ್ಯೂಟ್ ಪೂರ್ಣವಾಗಿ ಕರೆಂಟ್ ಹರಿಯುತ್ತೆ. ಹನಿ ಮುದುಡಿಕೊಂಡಾಗ ಅದು ವಾಪಸ್ ಬರುತ್ತೆ. ಈ ಸ್ವಿಚ್ ಇಲ್ಲದ ಇದೇ ಬಗೆಯ ಸಾಧನಗಳಿಗೆ ಹೋಲಿಸಿದರೆ ಆ ಕ್ಷಣದ ಪವರ್ ಸಾವಿರಾರು ಪಟ್ಟು ಹೆಚ್ಚು. ಇಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಈ ಐಡಿಯಾಗೆ ಸಲಾಂ ಹೊಡೀಬೇಕು. ನೀರಿನ ಹನಿಯಿಂದ ಸಾವಿರಾರು ವೋಲ್ಟ್ ಹುಟ್ಟಿಸಬಹುದು ಅಂತ ಲಾರ್ಡ್ ಕೆಲ್ವಿನ್ 1867ರಲ್ಲೇ ತೋರಿಸಿದ್ದರು. ಉಪಯೋಗಕ್ಕೆ ತರೋ ದಾರಿ ಕಷ್ಟ ಇತ್ತು.

ಆದರೆ ಸ್ವಾಮಿ, ವೋಲ್ಟ್ ಬೇರೆ, ಯೂನಿಟ್ ಬೇರೆ. ಚಳಿಗಾಲದಲ್ಲಿ ಸ್ವೆಟರ್ ತೆಗೆದಾಗ ಚಟಪಟ ಅನ್ನುತ್ತಲ್ಲ, ಅಲ್ಲೂ ಸಾವಿರಾರು ವೋಲ್ಟ್ ಇರುತ್ತೆ. ಅದರಿಂದ ಮಿಕ್ಸಿ ತಿರುಗಿಸೋಕಾಗುತ್ತಾ? ಆ ನೂರು ಬಲ್ಬು ಹತ್ತಿದ್ದೂ ಕಣ್ಣು ಮಿಟುಕಿಸೋದಕ್ಕಿಂತ ಕಡಿಮೆ ಹೊತ್ತು. ಬಿಲ್ ಬರೋದು ಯೂನಿಟ್‌ಗೆ.

ಸರಿ, ಆಗುಂಬೆಯನ್ನೇ ತಗೊಳ್ಳಿ. ವರ್ಷಕ್ಕೆ 7000 ಮಿಲಿಮೀಟರ್ ಮಳೆ ಅಂತಿಟ್ಟುಕೊಳ್ಳೋಣ. ಅಂದ್ರೆ ಒಂದು ಚದರ ಮೀಟರ್ ಜಾಗದ ಮೇಲೆ 7000 ಲೀಟರ್ ನೀರು. ಎಷ್ಟೇ ಮೇಲಿಂದ ಬಿದ್ದರೂ ಗಾಳಿ ಹನಿಯನ್ನು ತಡೆಯುತ್ತೆ, ದಪ್ಪ ಹನಿಯ ವೇಗವೂ ಸೆಕೆಂಡಿಗೆ 9 ಮೀಟರ್ ಆಸುಪಾಸಿಗೆ ನಿಂತುಬಿಡುತ್ತೆ. ಆ ವೇಗದಲ್ಲಿ ಒಂದು ಲೀಟರ್ ನೀರಲ್ಲಿರೋ ಶಕ್ತಿ ಸುಮಾರು 40 ಜೌಲ್. 7000 ಲೀಟರಿಗೆ 2 ಲಕ್ಷದ 80 ಸಾವಿರ ಜೌಲ್. ಕೇಳೋಕೆ ದೊಡ್ಡದು. ಆದರೆ ಒಂದು ಯೂನಿಟ್ ಅಂದ್ರೆ 36 ಲಕ್ಷ ಜೌಲ್! ಅಲ್ಲಿಗೆ ಆಗುಂಬೆಯ ಇಡೀ ವರ್ಷದ ಮಳೆಯ ರಭಸವನ್ನು ಒಂದಿಷ್ಟೂ ಪೋಲಾಗದಂತೆ ಹಿಡಿದರೂ ಒಂದು ಯೂನಿಟ್‌ನ ಹತ್ತನೇ ಒಂದು ಭಾಗ ಸಿಗಲ್ಲ. ಅಷ್ಟೇ ಅಗಲದ ಸೋಲಾರ್ ಪ್ಯಾನಲ್ ಒಳ್ಳೇ ಬಿಸಿಲಿನ ಒಂದೇ ದಿನದಲ್ಲಿ ಅರ್ಧ ಯೂನಿಟ್‌ಗಿಂತ ಹೆಚ್ಚು ಕೊಡುತ್ತೆ. ಕಾಯ್ತಾ ಕೂತವರು ಯಾವುದಕ್ಕೆ ಕಾಯ್ತಿದ್ದಾರೆ ನೋಡಿ.

ಹಾಗಾದ್ರೆ ಶರಾವತಿಯಲ್ಲಿ ಅದೇ ಮಳೆ ನೀರಿನಿಂದ ಅಷ್ಟೊಂದು ಕರೆಂಟ್ ಹೇಗೆ? ಅಲ್ಲಿ ನೀರನ್ನು ಲಿಂಗನಮಕ್ಕಿಯಲ್ಲಿ ತಡೆದು, ಪೈಪಿನೊಳಗೆ 400 ಮೀಟರ್‌ಗಿಂತ ಹೆಚ್ಚು ಕೆಳಗೆ ಇಳಿಸ್ತಾರೆ. ಗಾಳಿಯ ಕಾಟ ಇಲ್ಲ. ಅದೇ ಒಂದು ಲೀಟರ್ ನೀರಲ್ಲಿ ಸುಮಾರು 4000 ಜೌಲ್, ಮಳೆ ಹನಿಗಿಂತ ನೂರು ಪಟ್ಟು. ಜೊತೆಗೆ ಇಡೀ ಕಣಿವೆಯ ನೀರು ಒಂದೇ ಕಡೆ ಸೇರಿರುತ್ತೆ.

ಹಾಂಗ್‌ಕಾಂಗ್ ತಂಡ ತಮ್ಮ ಸಾಧನವನ್ನು ಎಲ್ಲೆಲ್ಲಿ ಹಚ್ಚಬಹುದು ಅಂತ ಹೇಳುವಾಗ ಹೆಸರಿಸಿದ್ದು ದೋಣಿಯ ಮೈ, ಛತ್ರಿ, ನೀರಿನ ಬಾಟಲಿಯ ಒಳಮೈಯಂಥ ಜಾಗಗಳನ್ನ. ನನಗೆ ಕಾಣೋದು ಇನ್ನೊಂದು: ಮಳೆ ಅಳೆಯೋ ಸೆನ್ಸರ್. ಕಾಡಿನ ನಡುವೆ, ವಾರಗಟ್ಟಲೆ ಬಿಸಿಲೇ ಇಲ್ಲದ ಜಾಗದಲ್ಲಿ, ಬ್ಯಾಟರಿ ಬದಲಿಸೋಕೆ ಯಾರೂ ಹೋಗದ ಕಡೆ, ಬಿದ್ದ ಹನಿಯೇ ತಾನು ಬಿದ್ದೆ ಅಂತ ಸಿಗ್ನಲ್ ಕೊಟ್ಟರೆ? ಅದಕ್ಕೆ ಯೂನಿಟ್‌ಗಟ್ಟಲೆ ಕರೆಂಟ್ ಬೇಕಿಲ್ಲ, ಚಿಟಿಕೆಯಷ್ಟಿದ್ದರೆ ಸಾಕು.